ಅಕ್ಷರಗುಂಡು

ಮೊಳಕಾಲ್ಮೂರು ತಾಲ್ಲೂಕಿನ ದೇವಸಮುದ್ರ ನಮ್ಮ ಊರು. ಚಿತ್ರದುರ್ಗ ಜಿಲ್ಲೆಯ ಈ ಮೂಲೆಯಲ್ಲಿ ಮಳೆ ಕಡಿಮೆ, ಬಂಡೆ ಹೆಚ್ಚು. ಎತ್ತ ತಿರುಗಿದರೂ ಕಣ್ಣಿಗೆ ಬೀಳುವುದು ಶೇಂಗಾ ಹೊಲಗಳು, ಜಾಲಿಯ ಮರಗಳು, ಅವುಗಳ ಆಚೆಗೆ ಯಾರೋ ಒಂದರ ಮೇಲೊಂದು ಹೇರಿಟ್ಟು ಮರೆತುಹೋದಂತೆ ನಿಂತಿರುವ ಗುಂಡುಕಲ್ಲುಗಳ ಬೆಟ್ಟಗಳು. ಮಲೆನಾಡಿನವರು ಬಂದರೆ ಇದನ್ನು ಬೋಳು ಸೀಮೆ ಎನ್ನುತ್ತಾರೆ. ಇಲ್ಲಿಯೇ ಹುಟ್ಟಿ ಬೆಳೆದ ನಾವೂ ಬಹುಕಾಲ ಹಾಗೆಯೇ ತಿಳಿದಿದ್ದೆವು.

1989ರ ದಸರಾ ರಜೆಯ ಮಾತು. ಆಗ ನಾನು ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದೆ. ಚಳ್ಳಕೆರೆಯಲ್ಲಿ ಪ್ರೌಢಶಾಲೆಯ ಉಪಾಧ್ಯಾಯರಾಗಿದ್ದ ನಮ್ಮ ಚಿಕ್ಕಪ್ಪನವರು ರಜೆಗೆಂದು ಊರಿಗೆ ಬಂದಿದ್ದರು. ಪುಸ್ತಕಗಳಿಲ್ಲದೆ ಅವರು ಎಲ್ಲಿಗೂ ಹೋದವರಲ್ಲ. ಒಂದು ರಾತ್ರಿ ಊಟವಾದ ಮೇಲೆ ಅವರು ಕುದುರೆಮುಖದ ವಿಷಯವನ್ನು ತೆಗೆದರು. ಎರಡು ವರ್ಷಗಳ ಹಿಂದೆ, ಅಂದರೆ 1987ರಲ್ಲಿ, ಅದನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಗಿತ್ತು. ಬೆಟ್ಟದ ನೆತ್ತಿಯ ಹಸಿರು ಹುಲ್ಲುಗಾವಲು, ಕಣಿವೆಗಳಲ್ಲಿ ಅಡಗಿರುವ ಶೋಲಾ ಕಾಡು, ಮರದಿಂದ ಮರಕ್ಕೆ ನೆಗೆಯುವ ಸಿಂಗಳೀಕ, ಇವನ್ನೆಲ್ಲ ಅವರು ಬಣ್ಣಿಸುತ್ತಿದ್ದರೆ ನನಗೂ ನನ್ನ ತಂಗಿಗೂ ನಿದ್ದೆಯೇ ಹಾರಿಹೋಯಿತು. "ಎಲ್ಲರೂ ಸೇರಿ ಒಮ್ಮೆ ಹೋಗಿಬರೋಣ ಅಣ್ಣಾ" ಎಂದು ಚಿಕ್ಕಪ್ಪನವರು ಕೇಳಿದರು. ನಮ್ಮ ತಂದೆಯವರು ಸ್ವಲ್ಪ ಹೊತ್ತು ಬೆರಳು ಮಡಚಿ ಎಣಿಸಿದರು. ಶೇಂಗಾ ಕೀಳುವ ಕಾಲ ಹತ್ತಿರ ಬಂದಿತ್ತು. ಅಷ್ಟು ದೂರದ ಊರಿಗೆ ಒಂದು ದಿನದಲ್ಲಿ ಹೋಗಿ ಬರುವುದು ಆಗದು. ಎರಡು ಮೂರು ದಿನ ಮನೆ ಬಿಟ್ಟರೆ ಎತ್ತು ಎಮ್ಮೆಗಳನ್ನು ನೋಡಿಕೊಳ್ಳುವವರು ಯಾರು? "ಒಂದು ದಿನದ ಮಟ್ಟಿಗಾದರೆ ಹೊರಡೋಣ. ಅದಕ್ಕಿಂತ ಹೆಚ್ಚು ನನ್ನ ಕೈಲಾಗುವುದಿಲ್ಲ" ಎಂದರು.

ಆಗ ಮೂಲೆಯಲ್ಲಿ ಕುಳಿತು ಬತ್ತಿ ಹೊಸೆಯುತ್ತಿದ್ದ ಅಜ್ಜಿ ತಲೆಯೆತ್ತದೆ ಹೇಳಿದಳು: "ಬೆಟ್ಟ ನೋಡುವುದಕ್ಕೆ ಅಷ್ಟು ದೂರ ಯಾಕೆ? ಜಟಿಂಗರಾಮೇಶ್ವರ ಇಲ್ಲವೇ? ಹೊತ್ತು ಮುಳುಗುವುದರೊಳಗೆ ಮನೆಗೆ ಬಂದುಬಿಡಬಹುದು." ಸ್ವಲ್ಪ ತಡೆದು ಮತ್ತೆ, "ಬರುವಾಗ ಅಕ್ಷರಗುಂಡಿನ ಹತ್ತಿರವೂ ಹೋಗಿಬರೋಣ" ಎಂದಳು.

ಅಜ್ಜಿ ತಾನಾಗಿ ಒಂದನ್ನು ಬೇಕೆಂದು ಕೇಳಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಸಿಂಗಳೀಕ ತಪ್ಪಿಹೋಯಿತಲ್ಲ ಎಂಬ ಬೇಸರದಲ್ಲಿ ನಾನದನ್ನು ಗಮನಿಸಲೂ ಇಲ್ಲ.

ಮರುದಿನ ಮೊದಲ ಕೋಳಿ ಕೂಗುವ ಹೊತ್ತಿಗೆ ಗಾಡಿ ಹೂಡಿದರು. ನಮ್ಮ ತಾಯಿಯವರು ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಮೊಸರನ್ನಗಳ ಬುತ್ತಿ ಕಟ್ಟಿದ್ದರು. ಗಾಡಿಯಲ್ಲಿ ಹುಲ್ಲು ಹಾಸಿ ಅದರ ಮೇಲೆ ಕಂಬಳಿ ಹೊದಿಸಿ ಅಜ್ಜಿಯನ್ನು ಕೂರಿಸಿದ್ದಾಯಿತು. ಬೆಳಕು ಹರಿಯುವ ವೇಳೆಗೆ ನಾವು ಹೊಲಗಳ ನಡುವಿನ ದಾರಿಯಲ್ಲಿದ್ದೆವು. ಆ ವರ್ಷದ ಹಿಂಗಾರು ಒಳ್ಳೆಯದಾಗಿದ್ದುದರಿಂದ ಬೇಲಿಗಳಲ್ಲೆಲ್ಲ ಹಸಿರು ತುಂಬಿತ್ತು. ಗಾಡಿಯ ಸದ್ದಿಗೆ ಬೆದರಿದ ಗೌಜಲಹಕ್ಕಿಗಳು ಕಾಲ ಬುಡದಿಂದಲೇ ಬುರ್ರನೆ ಮೇಲೇಳುತ್ತಿದ್ದವು. ಎಲ್ಲಿಯೋ ನವಿಲು ಕೂಗಿತು. ಬೆಟ್ಟದ ತಪ್ಪಲು ಸಮೀಪಿಸಿದಂತೆ ಕಲ್ಲುಸಂದುಗಳಲ್ಲಿ ಬೆಳೆದ ಸೀತಾಫಲದ ಗಿಡಗಳು ಕಾಣಿಸಿದವು. ಕಣ್ಣು ಬಿಟ್ಟ ಹಣ್ಣುಗಳನ್ನು ಕಂಡ ನನ್ನ ತಂಗಿ ಗಾಡಿ ನಿಲ್ಲುವುದಕ್ಕೆ ಮೊದಲೇ ಕೆಳಗೆ ಧುಮುಕಿದ್ದಳು. "ಗುಂಡುಗಳ ಹತ್ತಿರ ಒಬ್ಬಳೇ ಹೋಗಬೇಡ, ಕರಡಿ ಇರುತ್ತದೆ" ಎಂದು ತಂದೆಯವರು ಕೂಗಿದರು.

ಜಟಿಂಗರಾಮೇಶ್ವರ ಬೆಟ್ಟದ ಎತ್ತರ ಸಮುದ್ರಮಟ್ಟದಿಂದ ಸುಮಾರು 3,469 ಅಡಿ. ಕೆಳಗೆ ನಿಂತು ನೋಡುವವರಿಗೆ ಅಷ್ಟೇನೂ ಎತ್ತರವೆನ್ನಿಸುವುದಿಲ್ಲ. ಮೆಟ್ಟಿಲು ಹತ್ತತೊಡಗಿದ ಮೇಲೆ ಗೊತ್ತಾಗುತ್ತದೆ. ಇಕ್ಕೆಲಗಳಲ್ಲಿಯೂ ಮನೆಯಷ್ಟು ದೊಡ್ಡ ಗುಂಡುಗಳು. ಹಗಲ ಬಿಸಿಲಿಗೆ ಕಾದು, ರಾತ್ರಿಯ ತಂಪಿಗೆ ಆರಿ, ಸೀಳಿದ ಬಿರುಕುಗಳಲ್ಲಿ ನೀರು ಇಳಿದು ಇಳಿದು ಈ ಕಗ್ಗಲ್ಲುಗಳು ಪದರ ಪದರವಾಗಿ ಕಳಚಿ ಉರುಟಾಗುತ್ತವೆ ಎಂದು ಚಿಕ್ಕಪ್ಪನವರು ವಿವರಿಸಿದರು. ಅಜ್ಜಿಯ ವಿವರಣೆ ಬೇರೆ. ರಾವಣನು ಸೀತೆಯನ್ನು ಹೊತ್ತೊಯ್ಯುವಾಗ ಅಡ್ಡಗಟ್ಟಿದ ಜಟಾಯು ರೆಕ್ಕೆ ಕಡಿದುಕೊಂಡು ಬಿದ್ದ ಸ್ಥಳ ಇದು. ಆ ಹಕ್ಕಿಯ ನೆನಪಿಗಾಗಿ ರಾಮನು ತನ್ನ ಕೈಯಿಂದಲೇ ಇಲ್ಲಿ ಲಿಂಗವನ್ನು ಸ್ಥಾಪಿಸಿದ. ಆದ್ದರಿಂದಲೇ ಇದು ಜಟಿಂಗರಾಮೇಶ್ವರ. "ಹಕ್ಕಿಯೊಂದು ಯಾರದೋ ಮಗಳಿಗಾಗಿ ಜೀವ ಕೊಟ್ಟಿತಲ್ಲ, ಅದಕ್ಕೆ ಇಷ್ಟು ದೊಡ್ಡ ಗುಡ್ಡ ಬೇಡವೇ?" ಎಂದು ಅವಳು ಕೇಳಿದಳು. ಇಪ್ಪತ್ತು ಮೆಟ್ಟಿಲಿಗೊಮ್ಮೆ ಕುಳಿತು, ಮಂಡಿಗೆ ಕೈಯೂರಿ ಮತ್ತೆ ಎದ್ದು, ಎಪ್ಪತ್ತರ ಸಮೀಪದ ಆ ಜೀವ ಯಾರ ಕೈಯನ್ನೂ ಹಿಡಿಯದೆ ಮೇಲೆ ಬಂದಿತು.

ಬೆಟ್ಟದ ಮೇಲಿನಿಂದ ಕಂಡ ನೋಟವನ್ನು ನಾನು ಇಂದಿಗೂ ಮರೆತಿಲ್ಲ. ನಾವು ದಿನವೂ ಓಡಾಡುವ ನೆಲವೇ ಅದು. ಆದರೆ ಆಗ ಅದು ಬೇರೆಯೇ ನೆಲವಾಗಿತ್ತು. ಎಣ್ಣೆಗೆಂಪು ಹೊಲಗಳು, ಕನ್ನಡಿಯ ಚೂರುಗಳಂತೆ ಅಲ್ಲಲ್ಲಿ ಹೊಳೆಯುವ ಕೆರೆಗಳು, ಬಹುದೂರದವರೆಗೆ ಸಾಲುಗಟ್ಟಿ ನೀಲಿಯಾಗುತ್ತ ಹೋದ ಗುಡ್ಡಗಳು. ಗಾಳಿ ಎಷ್ಟು ಬಲವಾಗಿತ್ತೆಂದರೆ ಮಾತನಾಡಲು ಕೂಗಬೇಕಾಗಿತ್ತು. ಬೋಳು ಸೀಮೆ ಎಂಬ ಮಾತನ್ನು ನಾನು ಅಂದೇ ಬಿಟ್ಟೆ.

ದೇವರ ದರ್ಶನವಾದ ಮೇಲೆ ಚಿಕ್ಕಪ್ಪನವರು ನಮ್ಮನ್ನು ಬಂಡೆಯೊಂದರ ಬಳಿಗೆ ಕರೆದೊಯ್ದರು. ಅದಕ್ಕೆ ಬಳೆಗಾರಗುಂಡು ಎಂದು ಹೆಸರು. ಜಾತ್ರೆಯ ದಿನ ಬಳೆಗಾರರು ಅಲ್ಲಿ ತಮ್ಮ ಮಲಾರಗಳನ್ನು ಬಿಚ್ಚಿ ಕೂರುತ್ತಿದ್ದುದರಿಂದ ಆ ಹೆಸರು ಬಂದಿತು. ನಾನು ಬಗ್ಗಿ ನೋಡಿದೆ. ಮೊದಲು ಬಂಡೆಯ ಒರಟಲ್ಲದೆ ಬೇರೇನೂ ಕಾಣಲಿಲ್ಲ. ಓರೆಯಾಗಿ ನೋಡು ಎಂದರು. ಬಿಸಿಲು ಅಡ್ಡಲಾಗಿ ಬಿದ್ದ ಕಡೆ ಒಂದು ಗೆರೆ, ಒಂದು ಕೊಕ್ಕೆ, ಒಂದು ಅರ್ಧ ಸುತ್ತು ಮೂಡಿದಂತಾಗಿ ಮತ್ತೆ ಅಳಿಸಿಹೋದವು.

"ಇದು ಅಶೋಕ ಚಕ್ರವರ್ತಿಯ ಶಾಸನ" ಎಂದರು ಚಿಕ್ಕಪ್ಪನವರು. ಕಳಿಂಗದ ಅಶೋಕನೇ? ಪಾಟಲಿಪುತ್ರದ ಅಶೋಕನೇ? ಪಾಠದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದು ಮರೆತಿದ್ದ ಆ ಹೆಸರು ನಮ್ಮೂರ ಬೆಟ್ಟದ ಮೇಲೆ ಕಾಲ ಬಳಿಯಲ್ಲಿ ಇದೆಯೆಂಬುದನ್ನು ನಂಬುವುದು ನನಗೆ ಕಷ್ಟವಾಯಿತು. ಮೈಸೂರು ಸಂಸ್ಥಾನದ ಶಾಸನಗಳನ್ನು ಹುಡುಕಿ ಪ್ರಕಟಿಸಿದ ಬಿ. ಎಲ್. ರೈಸ್ ಅವರು 1892ರಲ್ಲಿ ಈ ಸುತ್ತಿನಲ್ಲಿ ಅಶೋಕನ ಮೂರು ಶಾಸನಗಳನ್ನು ಪತ್ತೆಮಾಡಿದರು. ಒಂದು ಇಲ್ಲಿಯದು, ಇಲ್ಲಿಂದ ಮೂರು ಮೈಲಿಯಷ್ಟು ದೂರದ ಬ್ರಹ್ಮಗಿರಿಯಲ್ಲಿ ಇನ್ನೊಂದು, ಅದರ ಮಗ್ಗುಲಿನ ಸಿದ್ದಾಪುರದಲ್ಲಿ ಮತ್ತೊಂದು. ಅಶೋಕನ ಆಳ್ವಿಕೆ ಇಷ್ಟು ದಕ್ಷಿಣದವರೆಗೆ ಹಬ್ಬಿತ್ತೆಂಬುದಕ್ಕೆ ಅವು ಕಲ್ಲಿನ ಸಾಕ್ಷಿಯಾದವು. ಆದರೆ ರೈಸ್ ಅವರು ಬರುವುದಕ್ಕೆ ಎಷ್ಟೋ ಕಾಲದ ಮೊದಲೇ ಜನ ಆ ಬಂಡೆಗಳಿಗೆ ತಮ್ಮದೇ ಹೆಸರುಗಳನ್ನು ಇಟ್ಟಿದ್ದರು. ಇದು ಬಳೆಗಾರಗುಂಡು, ಸಿದ್ದಾಪುರದ್ದು ಎಮ್ಮೆ ಕಾಯುವವನೊಬ್ಬನ ಹೆಸರಿನ ಎಮ್ಮೆತಮ್ಮನ ಗುಂಡು, ಬ್ರಹ್ಮಗಿರಿಯದು ಅಕ್ಷರಗುಂಡು. ಚಕ್ರವರ್ತಿಯ ಹೆಸರು ಮಾತ್ರ ಯಾರಿಗೂ ತಿಳಿದಿರಲಿಲ್ಲ.

"ಹೆಸರಿಟ್ಟರೆ ಸಾಕೇ? ಉಳಿಸಿಕೊಳ್ಳಬೇಡವೇ?" ಎಂದು ಚಿಕ್ಕಪ್ಪನವರು ನೊಂದುಕೊಂಡರು. ಬಂದು ಹೋಗುವ ಕಾಲುಗಳು, ಬಿಸಿಲು, ಮಳೆ ಎಲ್ಲ ಸೇರಿ ಮೂರರಲ್ಲಿ ಹೆಚ್ಚು ಸವೆದುಹೋಗಿರುವುದು ಇದೇ ಶಾಸನ. ಅನಂತರ ನಗುತ್ತ, "ಬ್ರಹ್ಮಗಿರಿಯವರದು ಇನ್ನೊಂದು ಬಗೆ. ಜ್ವರ ಬಂದರೆ ಅಕ್ಷರಗುಂಡಿನ ಮೇಲೆ ನೀರು ಸುರಿದು ಆ ನೀರನ್ನು ಹಿಡಿದು ಔಷಧವೆಂದು ಕುಡಿಯುತ್ತಿದ್ದರಂತೆ. ಅಕ್ಷರವನ್ನು ಓದಿದರೆ ಬುದ್ಧಿ ಬರುತ್ತದೆ, ತೊಳೆದು ಕುಡಿದರೆ ಹೊಟ್ಟೆನೋವು ಬರುತ್ತದೆ, ಅಷ್ಟೇ" ಎಂದರು. ನಾನೂ ತಂಗಿಯೂ ಗಟ್ಟಿಯಾಗಿ ನಕ್ಕೆವು. ತಂದೆಯವರು ನಗಲಿಲ್ಲ. ಅಜ್ಜಿ ಎದ್ದು ಸೆರಗು ಕೊಡವಿಕೊಂಡು, "ಹೊತ್ತಾಯಿತು, ಬುತ್ತಿ ಬಿಚ್ಚಿ" ಎಂದಳು.

ಬೆಟ್ಟವಿಳಿದು ಗಾಡಿ ಹೂಡಿದಾಗ ಬಿಸಿಲು ಇಳಿಮುಖವಾಗಿತ್ತು. ಬ್ರಹ್ಮಗಿರಿಯನ್ನು ತಲಪುವವರೆಗೂ ಚಿಕ್ಕಪ್ಪನವರ ಮಾತು ನಿಲ್ಲಲಿಲ್ಲ. ಆ ಗುಡ್ಡದ ಬುಡದಲ್ಲಿ ಹಿಂದೆ ಒಂದು ಪಟ್ಟಣವಿತ್ತು. ಶಾಸನವೇ ಅದರ ಹೆಸರನ್ನು ಇಸಿಲ ಎಂದು ಹೇಳುತ್ತದೆ. ಭಾರತದ ಪುರಾತತ್ವ ಇಲಾಖೆಯ ಮಹಾನಿರ್ದೇಶಕರಾಗಿದ್ದ ಮಾರ್ಟಿಮರ್ ವ್ಹೀಲರ್ ಅವರು 1947ರಲ್ಲಿ ಅಲ್ಲಿ ಅಗೆಯಿಸಿದರು. ಅವರಿಗಿಂತ ಮೊದಲು ಮೈಸೂರಿನ ಡಾ. ಎಂ. ಎಚ್. ಕೃಷ್ಣ ಅವರೂ ಅಗೆಯಿಸಿದ್ದರು. ಕೆಳಗಿನ ಪದರದಲ್ಲಿ ಉಜ್ಜಿ ನಯಗೊಳಿಸಿದ ಕಲ್ಲಿನ ಕೊಡಲಿಗಳು. ಅದರ ಮೇಲೆ ಕಬ್ಬಿಣವನ್ನು ಬಲ್ಲ ಜನರ ಕಪ್ಪು ಕೆಂಪು ಮಡಕೆಗಳು. ಅದಕ್ಕೂ ಮೇಲೆ ಶಾತವಾಹನರ ಕಾಲದ ಪಾತ್ರೆಗಳ ಚೂರುಗಳು. ಹೀಗೆ ಒಂದರ ಮೇಲೊಂದು ಮೂರು ಕಾಲಗಳು ಅಲ್ಲಿ ದೊರೆತವು. ಸತ್ತವರಿಗಾಗಿ ಚಪ್ಪಡಿಗಳನ್ನು ನಿಲ್ಲಿಸಿ ಕಟ್ಟಿದ ಕಲ್ಲಿನ ಕೋಣೆಗಳೂ ಇದ್ದವು. ಅವುಗಳ ಒಂದು ಚಪ್ಪಡಿಯಲ್ಲಿ ದುಂಡಗೆ ಕೊರೆದ ಒಂದು ಕಂಡಿ.

"ನಿಮ್ಮಪ್ಪ ಆ ಅಗೆತಕ್ಕೆ ಕೂಲಿಗೆ ಹೋಗಿದ್ದರು" ಎಂದಳು ಅಜ್ಜಿ.

ಚಿಕ್ಕಪ್ಪನವರು ಬೆರಗಾಗಿ ತಿರುಗಿ ನೋಡಿದರು. "ಈ ಮಾತನ್ನು ನನಗೆ ಯಾರೂ ಹೇಳಲೇ ಇಲ್ಲವಲ್ಲ!"

"ಹೇಳುವಂಥದ್ದು ಏನಿತ್ತು? ಆಗ ನೀನು ಹುಟ್ಟಿರಲಿಲ್ಲ" ಎಂದು ಅವಳು ಸುಮ್ಮನಾದಳು.

ಅಕ್ಷರಗುಂಡು ದೊಡ್ಡದೊಂದು ಕಲ್ಲು. ಸಂರಕ್ಷಿತ ಸ್ಮಾರಕವೆಂಬ ಫಲಕ, ಬಂಡೆಗೆ ಒಂದು ಮಾಡು. ಬೆಟ್ಟದ ಮೇಲೆ ಕಂಡದ್ದಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸ! ಇಲ್ಲಿ ಅಕ್ಷರಗಳು ಉಳಿದಿದ್ದವು. ನೆಟ್ಟಗಿನ ಗೆರೆ, ಕೂಡುಗೆರೆ, ದುಂಡನೆಯ ಸೊನ್ನೆ. ಮಗುವಿನ ಕೈಬರಹದಷ್ಟು ಸರಳವಾದ ಹದಿಮೂರು ಸಾಲುಗಳು. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ನಾವು ಇಂದು ಬರೆಯುವ ಕನ್ನಡ ಲಿಪಿಯೂ ಬ್ರಾಹ್ಮಿಯಿಂದಲೇ ಬೆಳೆದು ಬಂದದ್ದು. ಒಂದು ಕಾಲದಲ್ಲಿ ಈ ಲಿಪಿಯನ್ನು ಓದಬಲ್ಲವರು ಭಾರತದಲ್ಲಿ ಒಬ್ಬರೂ ಇರಲಿಲ್ಲ. ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಅದನ್ನು ಬಿಡಿಸಿ ಓದಿದ ಮೇಲೆಯೇ ಕಲ್ಲುಗಳಿಗೆ ಮತ್ತೆ ಬಾಯಿ ಬಂದಿತು. ಶಾಸನದ ಕೊನೆಯಲ್ಲಿ ಬರೆದವನ ಹೆಸರಿದೆ: ಚಪಡ. ಅವನು ತನ್ನನ್ನು ಲಿಪಿಕಾರನೆಂದು ಹೇಳಿಕೊಳ್ಳುವ ಪದವನ್ನು ಮಾತ್ರ ಬ್ರಾಹ್ಮಿಯಲ್ಲಿ ಬರೆಯದೆ, ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. ಖರೋಷ್ಠಿ ವಾಯವ್ಯದ ಗಾಂಧಾರದ ಕಡೆಯ ಲಿಪಿ. ಅಲ್ಲಿನ ಬರಹ ಬಲ್ಲವನೊಬ್ಬ ಇಷ್ಟು ದೂರ ಬಂದು ಈ ಬಿಸಿಲಿನಲ್ಲಿ ಉಳಿ ಹಿಡಿಸಿದನೆಂದರೆ! ನಮ್ಮ ಒಂದು ದಿನದ ಗಾಡಿಯ ಪ್ರಯಾಣ ನನಗೆ ಆಗ ಬಹಳ ಸಣ್ಣದಾಗಿ ತೋರಿತು.

ಈ ಶಾಸನದಲ್ಲಿ ಅಶೋಕನೆಂಬ ಹೆಸರು ಇಲ್ಲ. ದೇವರಿಗೆ ಪ್ರಿಯನಾದವನು ಎಂಬ ಬಿರುದು ಮಾತ್ರ ಇದೆ. ಆ ಬಿರುದಿನ ಅರಸನು ಅಶೋಕನೇ ಎಂಬುದು ಶಾಸನದ ಮಾತಿನಿಂದಲೇ ಖಚಿತವಾದದ್ದು 1915ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಬಿರುದೂ ಹೆಸರೂ ಒಟ್ಟಿಗೆ ಇರುವ ಶಾಸನ ದೊರೆತಾಗ.

ಚಿಕ್ಕಪ್ಪನವರು ಚೀಲದಿಂದ ಪುಸ್ತಕವನ್ನು ತೆಗೆದು ಪುಟ ತಿರುವುತ್ತಿದ್ದರು. ಅಜ್ಜಿ ಬಂಡೆಯ ಎದುರು ನೆಲದ ಮೇಲೆ ಕುಳಿತಳು.

"ಮಗಾ, ಇದರಲ್ಲಿ ಏನು ಬರೆದಿದೆ? ಮೊದಲಿನಿಂದ ಓದಿ ಹೇಳು. ಒಳ್ಳೆಯದು ಬರೆದಿದೆಯೋ, ಕೆಟ್ಟದ್ದೋ?"

"ಕೆಟ್ಟದ್ದು ಯಾಕಿರುತ್ತದೆ ಅವ್ವಾ?"

ಅಜ್ಜಿ ಬಂಡೆಯನ್ನು ನೋಡುತ್ತಲೇ ಹೇಳಿದಳು: "ನಿನ್ನ ಅಣ್ಣನಿಗೂ ನಿನಗೂ ನಡುವೆ ಒಂದು ಕೂಸು ಇತ್ತು. ಗಂಡುಕೂಸು. ಅಗೆತ ನಡೆದ ವರ್ಷ ಅದಕ್ಕೆ ಮೂರು ತುಂಬಿತ್ತು. ಜ್ವರ ಹಿಡಿಯಿತು, ಬಿಡಲಿಲ್ಲ. ಡಾಕ್ಟರು ಎಂಬುವರು ಎಲ್ಲಿದ್ದರೋ ನಮಗೆ ತಿಳಿಯದು. ನಮ್ಮತ್ತೆ ಹೇಳಿದರು, ನಿಮ್ಮಪ್ಪ ಕೆಲಸ ಮುಗಿಸಿ ಬರುವಾಗ ಈ ಕಲ್ಲು ತೊಳೆದ ನೀರನ್ನು ಚೊಂಬಿನಲ್ಲಿ ತಂದರು. ನಾನೇ ಕುಡಿಸಿದೆ. ಬೆಳಗಾಗುವುದರೊಳಗೆ ಹೋಯಿತು."

ಯಾರೂ ಮಾತನಾಡಲಿಲ್ಲ. ಆಗ ಏಳು ವರ್ಷದವರಾಗಿದ್ದ ನಮ್ಮ ತಂದೆಯವರು ಮುಖವನ್ನು ಅತ್ತ ತಿರುಗಿಸಿಕೊಂಡಿದ್ದರು.

"ಅವತ್ತಿನಿಂದ ಒಂದೇ ಯೋಚನೆ. ಅಕ್ಷರ ಬಾರದವಳು ನಾನು. ಅಲ್ಲಿ ಏನು ಬರೆದಿದೆಯೋ ತಿಳಿಯದೆ ಕೂಸಿಗೆ ಕುಡಿಸಿಬಿಟ್ಟೆ. ಯಾವ ಅರಸನ ಶಾಪವೋ, ಯಾರಿಗೆ ಬರೆದ ಶಿಕ್ಷೆಯೋ ಎಂದು. ಯಾರನ್ನು ಕೇಳುವುದು? ನೀನು ಓದಿದವನು, ಹೇಳು."

ಚಿಕ್ಕಪ್ಪನವರ ಮುಖ ಕೆಂಪಾಗಿತ್ತು. ಬೆಳಿಗ್ಗೆ ತಾವಾಡಿದ ಮಾತು ಅವರ ಕಿವಿಯಲ್ಲಿ ಮೊಳಗುತ್ತಿದ್ದಿರಬೇಕು. ಅವರು ಕನ್ನಡಕವನ್ನು ತೆಗೆದು ಒರೆಸಿಕೊಂಡು, ಅಜ್ಜಿಯ ಪಕ್ಕದಲ್ಲಿ ತಾವೂ ನೆಲದ ಮೇಲೆ ಕುಳಿತು, ಒಂದೊಂದಾಗಿ ಬಿಡಿಸಿ ಹೇಳತೊಡಗಿದರು. ಇದು ಸುವರ್ಣಗಿರಿಯೆಂಬ ಊರಿನಿಂದ ಬಂದ ಓಲೆ. ಅಲ್ಲಿದ್ದ ರಾಜಕುಮಾರನೂ ಮಹಾಮಾತ್ರರೆಂಬ ಅಧಿಕಾರಿಗಳೂ ಇಸಿಲದ ಅಧಿಕಾರಿಗಳಿಗೆ ಇದನ್ನು ಕಳಿಸಿದ್ದಾರೆ. ಅವರಿಗೆ ಮೊದಲು ಹೇಳಬೇಕಾದ ಮಾತು ಎಂದು ಓದಿದವರು ತಟಕ್ಕನೆ ನಿಂತರು. ಪುಸ್ತಕವನ್ನು ನೋಡಿದರು, ಎದ್ದು ಹೋಗಿ ಬಂಡೆಯ ಮೊದಲ ಸಾಲನ್ನು ಹತ್ತಿರದಿಂದ ನೋಡಿದರು.

"ಅವ್ವಾ, ಇಲ್ಲಿ ಮೊದಲು ಬರೆದಿರುವುದು 'ಆರೋಗಿಯ' ಎಂದು. ಆರೋಗ್ಯ. ಅಲ್ಲಿಯವರ ಆರೋಗ್ಯವನ್ನು ವಿಚಾರಿಸಿ, ಆಮೇಲೆ ಮಿಕ್ಕ ಮಾತನ್ನು ಹೇಳಿ ಎಂದು."

"ಆರೋಗ್ಯ ಎಂದೇ ಬರೆದಿದೆಯೇ?"

"ಹಾಗೆಂದೇ ಬರೆದಿದೆ. ನಾವು ಕಾಗದದಲ್ಲಿ 'ಉಭಯ ಕುಶಲೋಪರಿ' ಎಂದು ಮೊದಲು ಮಾಡುವುದಿಲ್ಲವೇ, ಹಾಗೆ."

ಓದು ಬರಹ ತಿಳಿಯದಿದ್ದರೂ ಬಂದ ಕಾಗದಗಳನ್ನು ಓದಿಸಿ ಕೇಳಿದ್ದ ಅಜ್ಜಿಗೆ ಆ ಮಾತು ಚೆನ್ನಾಗಿ ಗೊತ್ತಿತ್ತು. ಅವಳು ತಲೆಯಾಡಿಸಿದಳು. "ಮುಂದೆ?"

ಚಿಕ್ಕಪ್ಪನವರು ಮುಂದುವರಿಸಿದರು. ಧರ್ಮವನ್ನು ಹಿಡಿದ ಮೇಲೂ ಒಂದು ವರ್ಷ ತಾನು ಸಾಕಷ್ಟು ಶ್ರಮಿಸಲಿಲ್ಲವೆಂದು ಅರಸನೇ ಒಪ್ಪಿಕೊಳ್ಳುತ್ತಾನೆ. ಇದು ನನಗೆ ಬಹಳ ಹಿಡಿಸಿತು. ಬಂಡೆಯ ಮೇಲೆ ತನ್ನ ಗೆಲುವನ್ನು ಬರೆಸಿದ ಅರಸರು ಬೇಕಾದಷ್ಟು ಮಂದಿ, ತನ್ನ ಆಲಸ್ಯವನ್ನು ಬರೆಸಿದವರು ಎಷ್ಟು ಮಂದಿ? ಶ್ರಮಪಟ್ಟರೆ ದೊಡ್ಡವರಿಗೆ ಮಾತ್ರವಲ್ಲ, ಚಿಕ್ಕವರಿಗೂ ಸ್ವರ್ಗ ದೊರೆಯುತ್ತದೆ. ಗಡಿಯಾಚೆಯ ಜನರಿಗೂ ಇದು ತಿಳಿಯಲಿ ಎನ್ನುತ್ತಾನೆ. 256 ಎಂಬ ಒಂದು ಸಂಖ್ಯೆಯೂ ಅಲ್ಲಿದೆ. ಅದು ಅರಸನು ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕವೆಂದು ಅನೇಕ ವಿದ್ವಾಂಸರ ಮತ. ಆಮೇಲೆ ತಾಯಿತಂದೆಯರ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು, ಬಂಧುಗಳೊಡನೆ ತಕ್ಕಂತೆ ನಡೆದುಕೊಳ್ಳಬೇಕು. ಇದು ಹಿಂದಿನಿಂದ ಬಂದ ನಡತೆ, ಇದರಿಂದ ಆಯುಸ್ಸು ಹೆಚ್ಚುತ್ತದೆ ಎಂದಿದೆ.

ಆಯುಸ್ಸಿನ ಮಾತು ಬಂದಾಗ ಚಿಕ್ಕಪ್ಪನವರ ಧ್ವನಿ ತಗ್ಗಿತು. ಅಜ್ಜಿಯ ಮುಖದಲ್ಲಿ ಏನೂ ಬದಲಾಗಲಿಲ್ಲ.

"ಅಷ್ಟೇಯೋ?"

"ಅಷ್ಟೇ ಅವ್ವಾ."

"ಶಾಪ ಗೀಪ ಎಲ್ಲಿಯೂ ಇಲ್ಲ?"

"ಎಲ್ಲಿಯೂ ಇಲ್ಲ."

ಅಜ್ಜಿ ಇನ್ನೂ ಸ್ವಲ್ಪ ಹೊತ್ತು ಕುಳಿತಿದ್ದಳು. "ಹಾಗಾದರೆ ನೀರಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ" ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ನೀರು ಜ್ವರವನ್ನು ಬಿಡಿಸಲಾರದೆಂದು ಅವಳಿಗೆ ತಿಳಿಯದೆ ಇರಲಿಲ್ಲ. ಅಕ್ಷರಗಳಿಂದ ಕೇಡಾಯಿತೆಂಬ ಭಾರ ಮಾತ್ರ ನಲವತ್ತೆರಡು ವರ್ಷ ಅವಳ ಎದೆಯ ಮೇಲಿತ್ತು. ಏಳುವಾಗ ಅವಳು ಚಿಕ್ಕಪ್ಪನವರ ಹೆಗಲಿಗೆ ಕೈಯಿಟ್ಟಳು. ಬೆಟ್ಟ ಹತ್ತುವಾಗ ಯಾರ ಆಸರೆಯನ್ನೂ ಬಯಸದಿದ್ದವಳು ಗಾಡಿಯವರೆಗೆ ಆ ಕೈಯನ್ನು ತೆಗೆಯಲಿಲ್ಲ.

ಮರಳುವ ದಾರಿಯಲ್ಲಿ ಕತ್ತಲಾಯಿತು. ತಂಗಿ ಅಜ್ಜಿಯ ತೊಡೆಯ ಮೇಲೆ ಮಲಗಿ ನಿದ್ದೆಹೋಗಿದ್ದಳು. ತಂದೆಯವರು ಮೂಕಿಯ ಮೇಲೆ ಕುಳಿತು ಮಾತಿಲ್ಲದೆ ಎತ್ತುಗಳನ್ನು ನಡೆಸುತ್ತಿದ್ದರು. ಬಹಳ ಹೊತ್ತಿನ ಮೇಲೆ ಚಿಕ್ಕಪ್ಪನವರು ಮೆಲ್ಲಗೆ, "ಅವನ ಹೆಸರೇನವ್ವಾ?" ಎಂದು ಕೇಳಿದರು.

ಅಜ್ಜಿ ಹೇಳಿದಳು. ನಮ್ಮ ಮನೆಯಲ್ಲಿ ಆ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು. ಆಮೇಲೆ ಅವಳು ಮಡಿಲಲ್ಲಿ ಕಟ್ಟಿಕೊಂಡಿದ್ದ ಸೀತಾಫಲಗಳಲ್ಲಿ ಚೆನ್ನಾಗಿ ಹಣ್ಣಾದ ಒಂದನ್ನು ಬೆರಳಿನಿಂದ ಒತ್ತಿ ನೋಡಿ ಆರಿಸಿ, ಕತ್ತಲಲ್ಲಿಯೇ ಬಿಡಿಸಿ, ಅರ್ಧವನ್ನು ಅವರ ಕೈಗಿತ್ತಳು.